ಕಾಳಿ ಹೊಳೆಗೆ ಬಿಟ್ಟ ತೆಂಗಿನಕಾಯಿ

ತೆಂಗಿನಕಾಯಿ ಕೊಳ್ಳುವವರನ್ನು ನೀವು ಯಾವತ್ತಾದರೂ ಗಮನವಿಟ್ಟು ನೋಡಿದ್ದೀರಾ? ರಾಶಿಯಿಂದ ಒಂದನ್ನು ಎತ್ತುತ್ತಾರೆ, ಕಿವಿಯ ಪಕ್ಕಕ್ಕೆ ಹಿಡಿದು ಎರಡು ಸಲ ಅಲ್ಲಾಡಿಸುತ್ತಾರೆ, ರಾಜ್ಯದ ಗುಟ್ಟನ್ನು ಕೇಳಿಸಿಕೊಂಡ ಮಂತ್ರಿಯ ಹಾಗೆ ಮುಖ ಗಂಭೀರ ಮಾಡಿಕೊಂಡು ಅದನ್ನು ಕೆಳಗಿಡುತ್ತಾರೆ, ಇನ್ನೊಂದನ್ನು ಎತ್ತುತ್ತಾರೆ. ಒಳಗೆ ನೀರಿದೆ ಎಂಬುದಷ್ಟೇ ಆ ಸದ್ದಿನಿಂದ ತಿಳಿಯುವ ಸಂಗತಿ. ಆ ನೀರಿನ ಗುಣವೇನು, ತಿರುಳಿನ ಯೋಗ್ಯತೆಯೇನು ಎಂಬುದನ್ನು ಚಿಪ್ಪು ಒಡೆಯುವ ತನಕ ಸಾಕ್ಷಾತ್ ಮೂರು ಕಣ್ಣಿನ ಶಿವನೂ ಹೇಳಲಾರ. ಹಾಗೆ ನೋಡಿದರೆ ಕಾಯಿಗೂ ಮೂರು ಕಣ್ಣೇ, ಅದೂ ಹೇಳುವುದಿಲ್ಲ. ಆದರೂ ಅಲ್ಲಾಡಿಸುತ್ತೇವೆ. ತೊಂಬತ್ತರ ಹೊಸ್ತಿಲಿಗೆ ಬಂದು, ಒಂದು ಕಿವಿ ಪೂರ್ತಿ ಮುಚ್ಚಿಹೋಗಿ, ಇನ್ನೊಂದು ತನಗೆ ಬೇಕಾದದ್ದನ್ನು ಮಾತ್ರ ಕೇಳುವ ಸ್ಥಿತಿಯಲ್ಲಿರುವ ನಾನೂ ಅಲ್ಲಾಡಿಸುತ್ತೇನೆ. ಅಂಗಡಿಯವನು ನಗುತ್ತಾನೆ. ನಗಲಿ. ನಾನು ಆರಿಸಿದ ಒಂದು ಕಾಯಿಯ ಕಥೆ ಅವನಿಗೆ ಗೊತ್ತಿಲ್ಲ.

ಯಾರಿಗೂ ಗೊತ್ತಿಲ್ಲ ಎನ್ನಿ. ಮೊಮ್ಮಗಳು ಈಚೆಗೆ ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿಕೊಟ್ಟಿದ್ದಾಳೆ. ಎರಡು ತಿಂಗಳು ಆ ವಿದ್ಯೆಯನ್ನು ಸೊಸೆಯ ಮೇಲೆ ಮಗಳಿಗೆ ಚಾಡಿ ಬರೆಯುವ ಘನಕಾರ್ಯಕ್ಕೆ ಬಳಸಿದ್ದಾಯಿತು. ಇವತ್ತು ನನ್ನ ಮೇಲೆಯೇ ಒಂದು ಚಾಡಿ ಹೇಳಿಬಿಡುತ್ತೇನೆ. ಬಾಯಿಗೆ ಬಾರದ್ದು ಬೆರಳಿಗಾದರೂ ಬರಲಿ.

ದೊಡ್ಡ ಯುದ್ಧದ ವರ್ಷಗಳವು. ನನಗೆ ಒಂಬತ್ತು ತುಂಬಿತ್ತು. ನಮ್ಮಪ್ಪ ಹಳಿಯಾಳ ಬಿಟ್ಟು ದಾಂಡೇಲಿಗೆ ಬಂದು ಕಿರಾಣಿ ಅಂಗಡಿ ಇಟ್ಟಿದ್ದ. ಆಗಿನ ದಾಂಡೇಲಿಯನ್ನು ಊರೆಂದು ಕರೆಯುವುದು ಊರೆಂಬ ಶಬ್ದಕ್ಕೆ ಮಾಡುವ ಉಪಕಾರ. ಕಟ್ಟಿಗೆಯ ಡಿಪೋ, ಹಗಲೆಲ್ಲ ಕಿರುಚುವ ಗರಗಸದ ಗಿರಣಿ, ದಿಮ್ಮಿ ಹೊತ್ತು ಏದುಸಿರು ಬಿಡುತ್ತ ಹೋಗುವ ರೈಲು, ನಾಲ್ಕು ಸಾಲು ಮನೆ, ಸುತ್ತ ಮುಗಿಯದ ಕಾಡು. ಚಳಿಜ್ವರ ಯಾರನ್ನೂ ಬಿಡುತ್ತಿರಲಿಲ್ಲ. ಬೇರೆ ಊರಿನವರು ಬೆಳಿಗ್ಗೆ ಎದ್ದು ‘ಚಹಾ ಆಯಿತೇ’ ಎಂದು ಕೇಳಿದರೆ ನಾವು ‘ಜ್ವರ ಬಿಟ್ಟಿತೇ’ ಎಂದು ಕೇಳುತ್ತಿದ್ದೆವು. ಮಳೆಗಾಲದಲ್ಲಿ ಬಾಯಿಗೆ ಕ್ವಿನೈನಿನ ಕಹಿಯೇ ನಿಜವಾದ ರುಚಿ, ಉಳಿದದ್ದೆಲ್ಲ ಅದರ ಮೇಲಿನ ಒಗ್ಗರಣೆ. ಹೊಳೆಯ ದಂಡೆಗೆ ಹೋದರೆ ಮೊಸಳೆ, ಕಾಡಿಗೆ ಹೋದರೆ ಹುಲಿ, ಮನೆಯಲ್ಲಿ ಕೂತರೆ ಅವ್ವ. ಇಂಥ ಊರಿನಲ್ಲಿ ಸುಖ ಎಂಬುದನ್ನು ನಾನು ಕಂಡದ್ದು ಪಕ್ಕದ ಮನೆಯ ಕಟ್ಟೆಯ ಮೇಲೆ, ಅದೂ ಬೇರೆ ಊರಿನ ಸುಖ, ಅದೂ ಕಿವಿಯಿಂದ.

ಪಕ್ಕದ ಮನೆಯಲ್ಲಿ ಡಿಪೋದ ಗುಮಾಸ್ತ ವಿಠೋಬ ಇದ್ದ. ಕಾರವಾರದ ಕಡೆಯವನು. ಅವನ ತಂಗಿ ಸುಂದ್ರಾಬಾಯಿ, ನಮಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆ ವರ್ಷವೇ ಘಟ್ಟ ಹತ್ತಿ ಬಂದು ಅಣ್ಣನ ಮನೆಯಲ್ಲಿ ಉಳಿದಿದ್ದಳು. ಗಂಡ ಮುಂಬಯಿಯಿಂದ ಹೊರಡುವ ದೊಡ್ಡ ಹಡಗಿನಲ್ಲಿ ದುಡಿಯುವ ಖಲಾಶಿ. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ, ವಯಸ್ಸು ಇಪ್ಪತ್ತೆರಡಿರಬಹುದು. ಅವಳ ಊರು ಕಾಳಿ ಹೊಳೆ ಸಮುದ್ರವನ್ನು ಸೇರುವ ಜಾಗದ ಸಮೀಪ, ಮೀನುಗಾರರ ಒಂದು ಸಣ್ಣ ಪೇಟೆ. ಆ ಪೇಟೆಯನ್ನು ಅವಳು ಮಧ್ಯಾಹ್ನ ಅಕ್ಕಿ ಆರಿಸುವಾಗ ಒಂದೊಂದೇ ಹರಳಿನ ಹಾಗೆ ನನ್ನ ಮುಂದೆ ಹೆಕ್ಕಿ ಇಡುತ್ತಿದ್ದಳು.

ಮಹಾ ವೈಭವದ ಸಂಗತಿಗಳೇನೂ ಅಲ್ಲ. ಬೆಳಿಗ್ಗೆ ಗಂಜಿಯ ಜೊತೆಗೆ ಉಪ್ಪಿನಲ್ಲಿಟ್ಟ ಮಾವಿನ ಮಿಡಿ, ಅದನ್ನು ಕಚ್ಚುವ ಮೊದಲು ಸುಮ್ಮನೆ ನೋಡುವುದು. ದಡದಲ್ಲಿ ಮಗುಚಿ ಹಾಕಿದ ದೋಣಿಯ ಬೆನ್ನ ಮೇಲೆ ಸಾಲಾಗಿ ಕೂತು ಒಬ್ಬರ ತಲೆ ಒಬ್ಬರು ಬಾಚುವುದು. ಏನೂ ಕೆಲಸವಿಲ್ಲದಿದ್ದರೂ ಹೊಳೆಯ ಆಚೆ ದಡಕ್ಕೆ ದೋಣಿಯಲ್ಲಿ ಹೋಗಿ, ಅಲ್ಲಿ ಇಳಿಯದೆ ಅದೇ ದೋಣಿಯಲ್ಲಿ ವಾಪಸು ಬರುವುದು. ಇದೆಂಥ ಹುಚ್ಚು ಎಂದು ನಾನು ಕೇಳಿದರೆ, “ಇಳಿದ್ರೆ ಕೆಲಸ ಹಚ್ತಾರೆ ಗೊ, ನೀರ ಮೇಲಿದ್ದಾಗ ಯಾರೂ ಕರೆಯೂದಿಲ್ಲ” ಎನ್ನುತ್ತಿದ್ದಳು. ನಿಂತಲ್ಲೇ ನಿಂತರೆ ಅಲೆ ಹಿಂದೆ ಸರಿಯುವಾಗ ಪಾದದಡಿಯ ಮರಳನ್ನು ಎಳೆದುಕೊಂಡು ಹೋಗುವುದು, ಆಗ ಹೊಟ್ಟೆಯೊಳಗೆ ಆಗುವ ಕಚಗುಳಿ. ಎಲ್ಲಕ್ಕಿಂತ ದೊಡ್ಡದು ನಾಲ್ಕು ಗಂಟೆಯ ಗಾಳಿ. ಹಗಲಿಡೀ ಬೆಂದ ಪೇಟೆಗೆ ನಾಲ್ಕಕ್ಕೆ ಸರಿಯಾಗಿ ಸಮುದ್ರದಿಂದ ಗಾಳಿ ಬರುತ್ತದಂತೆ. ಎಲ್ಲರ ಮನೆಯ ಪಡುವಣ ಬಾಗಿಲುಗಳು ಒಟ್ಟಿಗೇ ತೆರೆಯುತ್ತವಂತೆ.

“ಹೊರಗೆ ಹೋದ ಗಂಡಸರು ಹೇಳಿದ ಹೊತ್ತಿಗೆ ಬರೂದಿಲ್ಲ, ಗಾಳಿ ಬರ್ತದೆ,” ಎಂದು ಹೇಳಿ ಅವಳು ನಗುತ್ತಿದ್ದಳು. ದಾಂಡೇಲಿಯಲ್ಲಿಯೂ ನಾಲ್ಕಾಯಿತೆಂದರೆ ಎದ್ದುಹೋಗಿ ಪಡುವಣ ಬಾಗಿಲು ತೆರೆಯುತ್ತಿದ್ದಳು. ಗಿರಣಿಯ ಕಡೆಯಿಂದ ಕಟ್ಟಿಗೆಯ ಹೊಟ್ಟು ಹಾರಿ ಬಂದು ಆರಿಸಿಟ್ಟ ಅಕ್ಕಿಯ ಮೇಲೆ ಬೀಳುತ್ತಿತ್ತು. ಮತ್ತೆ ಆರಿಸುತ್ತಿದ್ದಳು.

ನಮ್ಮದು ಲಿಂಗ ಕಟ್ಟಿದ ಮನೆ. ಮೀನಿನ ಹೆಸರು ಹೇಳಿದರೂ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. “ಮಾವಶಿ ಮೀನಿನ ಕತಿ ಹೇಳಾಕತ್ತಿದ್ಲು, ಕೇಳಿದ್ರ ಮೈಲಿಗಿ ಏನಬೇ?” ಎಂದು ನಾನು ಒಮ್ಮೆ ಬೇಕೆಂದೇ ಕೆಣಕಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಕೇಳಿದ್ರ ಏನಿಲ್ಲ. ಬಾಯಾಗ ನೀರ ಬಂದ್ರ ಹಿತ್ತಲದಾಗ ಉಗುಳಿ, ಕಾಲ ತೊಳಕೊಂಡ ಒಳಗ ಬಾ,” ಎಂದಳು. ಆದರೆ ಜ್ವರದ ದಿನಗಳಲ್ಲಿ ಮಾವಶಿಯ ಮನೆಗೆ ಮೊದಲು ಗಂಜಿ ಕಳಿಸುತ್ತಿದ್ದವಳೂ ಇದೇ ಅವ್ವ.

ಗಂಡನ ಕಾಗದ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಬರೆದವರು ಬೇರೆ ಯಾರೋ, ಓದುವವನು ವಿಠೋಬ. ಆ ಇಬ್ಬರು ಗಂಡಸರ ಗಂಟಲು ದಾಟಿ ಬರುವಷ್ಟರಲ್ಲಿ ಅದರಲ್ಲಿ ‘ಕ್ಷೇಮ’ ಎಂಬ ಒಂದು ಮಾತು ಉಳಿದಿರುತ್ತಿತ್ತು. ಅವಳಿಗೆ ಅಷ್ಟು ಸಾಕಿತ್ತು. ಆ ಬೇಸಗೆಯಲ್ಲಿ ಅದೂ ನಿಂತಿತು. ಯುಗಾದಿ ಹೋಯಿತು, ಮಳೆ ಹಿಡಿಯಿತು, ಘಟ್ಟದ ದಾರಿ ಮುಚ್ಚಿತು, ಕಾಗದವಿಲ್ಲ. ಹಡಗುಗಳನ್ನು ಮುಳುಗಿಸುತ್ತಿದ್ದಾರೆ ಎಂದು ಅಪ್ಪನ ಅಂಗಡಿಯಲ್ಲಿ ಗಂಡಸರು ಮಾತಾಡುವಾಗ ಅವಳು ಉಪ್ಪು ಕೊಳ್ಳಲು ಬಂದರೆ ಎಲ್ಲರೂ ಮಳೆಯ ವಿಷಯಕ್ಕೆ ಹೊರಳುತ್ತಿದ್ದರು.

ಶ್ರಾವಣದ ಹುಣ್ಣಿಮೆ ಬಂತು. ನಮಗೆ ನೂಲ ಹುಣ್ಣಿಮೆ. ಅವಳ ಊರಿನವರಿಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಡುವ ಹುಣ್ಣಿಮೆ. ಮಳೆಗಾಲದಲ್ಲಿ ಕೆರಳಿದ ಕಡಲಿಗೆ ಅರಿಶಿನ ಕುಂಕುಮ ಹಚ್ಚಿದ ಕಾಯಿ ಕೊಟ್ಟು, ನೀರಿನ ಮೇಲಿರುವ ನಮ್ಮ ಗಂಡಸರನ್ನು ತಿರುಗಿ ಕಳಿಸು ಎಂದು ಕೇಳಿಕೊಳ್ಳುವ ದಿನ. ಅವಳು ಹೋಗುವಂತಿಲ್ಲ, ದಾರಿಯಿಲ್ಲ, ಅಣ್ಣ ಜ್ವರದಲ್ಲಿ ಮಲಗಿದ್ದಾನೆ. ಹಿಂದಿನ ದಿನ ಅಕ್ಕಿ ಆರಿಸುತ್ತ ಆರಿಸುತ್ತ ಅವಳು ಕೈ ನಿಲ್ಲಿಸಿದಳು.

“ನೀಲಾ, ನೀ ಸಾಲೆಗೆ ಹೋಗ್ತೆ ಅಲ್ಲಾ? ಈ ಕಾಳಿ ನೀರು ನಮ್ಮೂರಿಗೇ ಹೋಗ್ತದಾ?”

“ಹೂಂ ರೀ ಮಾವಶಿ. ಮಾಸ್ತರು ನಕಾಶೆದಾಗ ಬಟ್ಟಿಟ್ಟ ತೋರಿಸ್ಯಾರ. ಸೀದಾ ನಿಮ್ಮೂರಿಗೇ.”

“ಎಷ್ಟು ದಿವಸಕ್ಕೆ ಮುಟ್ತದೆ?”

ಇದು ನಕಾಶೆಯಲ್ಲಿರಲಿಲ್ಲ. ಗೊತ್ತಿಲ್ಲ ಎಂದರೆ ಮರ್ಯಾದೆಯ ಪ್ರಶ್ನೆ. ಇಡೀ ಓಣಿಯಲ್ಲಿ ಸಾಲೆ ಕಲಿಯುವ ಹುಡುಗಿ ನಾನೊಬ್ಬಳೇ. ಕ್ಷಣವೂ ತಡೆಯದೆ, “ನಾಕ ದಿನ,” ಎಂದೆ. ಪಾಂಡಿತ್ಯವೆಂಬುದು ಬಹುಮಟ್ಟಿಗೆ ಹೀಗೆಯೇ ಹುಟ್ಟುತ್ತದೆ ಎಂದು ಮುಂದೆ ಅನೇಕ ಪಂಡಿತರನ್ನು ಕಂಡಾಗ ನನಗೆ ಅನ್ನಿಸಿದೆ.

ಅವಳ ಮುಖ ಅರಳಿತು. ಕಾಯಿ ಆರಿಸುವ ಕೆಲಸವನ್ನೂ ನನಗೇ ಒಪ್ಪಿಸಿದಳು. ಘಟ್ಟದ ಕೆಳಗಿನಿಂದ ಮಾಲು ಬರುವುದು ನಿಂತು ಎರಡು ತಿಂಗಳಾಗಿತ್ತು. ಅಪ್ಪನ ಅಂಗಡಿಯ ಮೂಲೆಯಲ್ಲಿ ಹಳೆಯ ಕಾಯಿ ಏಳೋ ಎಂಟೋ ಉಳಿದಿದ್ದವು. ಅವ್ವ, “ಇದ್ದದ್ದರಾಗ ದೊಡ್ಡದು ಕೊಡ, ಪಾಪ, ಗಂಡನ ಹೆಸರಲೆ ಬಿಡೂದು,” ಎಂದಳು. ನಾನು ಒಂದೊಂದನ್ನೂ ಕಿವಿಗೆ ಹಿಡಿದು, ದೊಡ್ಡವರ ಹಾಗೆ ಹುಬ್ಬು ಗಂಟಿಕ್ಕಿ, ಎಲ್ಲಕ್ಕಿಂತ ಜೋರಾಗಿ ಸದ್ದು ಮಾಡಿದ್ದನ್ನು ಆರಿಸಿದೆ.

ಹುಣ್ಣಿಮೆಯ ಬೆಳಿಗ್ಗೆ ಮಾವಶಿ ಆ ಕಾಯಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಕೆಂಪು ದಾರ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಹಿಡಿದು ಹೊಳೆಗೆ ಹೊರಟಳು. ಹಿಂದೆ ನಾನು, ನನ್ನ ಹಿಂದೆ ನನ್ನ ಗೆಳತಿ ಗಂಗಿ. ಗಂಗಿಯ ಅವ್ವ ಡಿಪೋದಲ್ಲಿ ಕಟ್ಟಿಗೆಯ ತೊಗಟೆ ಸುಲಿಯುವ ಕೆಲಸದವಳು. ಗಂಗಿಗೆ ಹಸಿವು ಸದಾ ಇರುತ್ತಿತ್ತು, ಭಯ ಯಾವತ್ತೂ ಇರುತ್ತಿರಲಿಲ್ಲ. ಕಾಳಿ ಕೆಂಪು ಮಣ್ಣಿನ ನೀರು ತುಂಬಿಕೊಂಡು ಹುಚ್ಚೆದ್ದು ಹರಿಯುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಮಾವಶಿ ಕಾಯಿಯನ್ನು ನೀರಿಗೆ ಬಿಟ್ಟಳು. ಏನು ಕೇಳಿಕೊಂಡಳೋ, ಅವಳ ಭಾಷೆಯಲ್ಲಿತ್ತು. ಕಾಯಿ ಒಮ್ಮೆ ಮುಳುಗಿ, ಎದ್ದು, ತಲೆಯಾಡಿಸಿ ಹೊರಟುಹೋಯಿತು. ಅವಳು ಬೆರಳು ಮಡಚಿ ಎಣಿಸಿದಳು: ನಾಲ್ಕು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಅವಳು ಮನೆಗೆ ಹೋದ ಮೇಲೆ ನಾವಿಬ್ಬರೂ ದಂಡೆಗುಂಟ ಅಲೆಯುತ್ತ ಹೋದೆವು. ಡಿಪೋದ ಹಿಂದೆ ಹೊಳೆ ತಿರುಗುವಲ್ಲಿ ದಂಡೆಗೆ ಸಿಕ್ಕಿಬಿದ್ದ ದಿಮ್ಮಿಗಳ ನಡುವೆ ಆ ಕಾಯಿ ನಿಂತಿತ್ತು. ಸಮುದ್ರದ ಕಡೆ ಹೊರಟದ್ದು ಎರಡು ಕೂಗಳತೆ ದಾಟಿರಲಿಲ್ಲ. ಗಂಗಿ ಒಂದು ಬಿದಿರ ಗಳ ತಂದು ಅದನ್ನು ದಂಡೆಗೆ ಎಳೆದಳು. ಅದೇ ಗಳದಿಂದ ಒಂದು ಸಲ ಆಚೆಗೆ ನೂಕಿದ್ದರೆ ಕಾಯಿ ಹರಿವಿಗೆ ಸೇರುತ್ತಿತ್ತು. ಎಂಬತ್ತು ವರ್ಷಗಳಿಂದ ನಾನು ಆ ಗಳವನ್ನು ಮನಸ್ಸಿನಲ್ಲಿ ಆಚೆಗೆ ನೂಕುತ್ತಲೇ ಇದ್ದೇನೆ.

“ಗಂಗೀ, ಬ್ಯಾಡ. ಸಮುದ್ರಕ್ಕ ಕೊಟ್ಟದ್ದು.”

“ಸಮುದ್ರ ಎಲ್ಲೈತಿ? ಇಲ್ಲಿ ನಾವ ಅದೇವಿ. ಬಿಟ್ರ ಇಲ್ಲೇ ಕೊಳೀತೈತಿ. ನೀ ಹೋಗಿ ಬೆಲ್ಲ ತಾ, ಶಾಣ್ಯಾಕಿ.”

ನಾನು ಹೋದೆ, ಬೆಲ್ಲ ತಂದೆ. ನನ್ನ ಧರ್ಮಬುದ್ಧಿಯ ಆಯುಷ್ಯ ಅಂಗಡಿಯ ಹಿಂಬಾಗಿಲ ತನಕ ಇತ್ತು. ಗಂಗಿ ಕಾಯಿಯನ್ನು ಕಲ್ಲಿಗೆ ಅಪ್ಪಳಿಸಿದಳು. ಎರಡು ಹೋಳಾಯಿತು, ಮೂಗಿಗೆ ಬಡಿಯಿತು ವಾಸನೆ. ಒಳಗೆ ಕಪ್ಪು. ತಿರುಳೆಲ್ಲ ಲೋಳೆಯಾಗಿ ನೀರು ಬಚ್ಚಲ ನೀರಿನ ಹಾಗೆ ಸುರಿಯಿತು. ದೇವರಿಗೆ ಹರಕೆ ಹೊತ್ತು ಒಡೆದ ಕಾಯಿ ಕೆಟ್ಟಿದ್ದರೆ ಅದರ ಅರ್ಥವೇನೆಂದು ನಮ್ಮ ಕಡೆ ಹಾಲುಗಲ್ಲದ ಕೂಸಿಗೂ ಗೊತ್ತು. ಯಾವುದಕ್ಕೂ ಹೆದರದ ಗಂಗಿ ಕೈಯನ್ನು ಲಂಗಕ್ಕೆ ಒರೆಸಿ ಒರೆಸಿ, “ಯಾರ ಮುಂದೂ ಅನಬ್ಯಾಡ ನೀಲಿ. ನಿಮ್ಮವ್ವನಾಣಿ,” ಎಂದಳು. ಹೋಳುಗಳನ್ನು ಹೊಳೆಗೆ ಎಸೆದೆವು. ಬೆಲ್ಲವನ್ನು ಮಾತ್ರ ತಿಂದೆವು. ಹಸಿವಿಗೆ ಶಕುನದ ಪರಿವೆ ಇರುವುದಿಲ್ಲ.

ನಾಲ್ಕನೆಯ ದಿನ ಮಾವಶಿ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿ, ಹಿತ್ತಲ ಡೇರೆ ಹೂ ಮುಡಿದು ಕಟ್ಟೆಗೆ ಬಂದಳು. ನಾಲ್ಕು ಗಂಟೆಗೆ ಬಾಗಿಲು ತೆರೆದು, “ಇವತ್ತು ಮುಟ್ಟಿರಬೇಕು ಅಲ್ಲಾ ಗೊ?” ಎಂದಳು. ನಾನು ಹೂಂ ಎಂದೆ. ಆ ಸಂಜೆ ಅವಳು ತನ್ನ ಊರಿನ ಬಗ್ಗೆ ಹೇಳಿದಷ್ಟು ಹಿಂದೆಂದೂ ಹೇಳಿರಲಿಲ್ಲ. ಗಂಡ ಬಂದ ಮೇಲೆ ಇಬ್ಬರೂ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಇಳಿಯದೆ ಬರುತ್ತಾರಂತೆ. ನನ್ನನ್ನೂ ಕರೆದುಕೊಂಡು ಹೋಗುತ್ತಾರಂತೆ. ಆ ರಾತ್ರಿ ನಾನು ರೊಟ್ಟಿ ಮುಟ್ಟಲಿಲ್ಲ. ಅವ್ವ ಜ್ವರದ ಮುನ್ಸೂಚನೆ ಎಂದು ಕ್ವಿನೈನ್ ಕುಡಿಸಿದಳು. ಮೊದಲ ಸಲ ನಾನು ಹಟ ಮಾಡದೆ ಕುಡಿದೆ.

ಕಾಗದ ಬಂದದ್ದು ದಸರೆಯ ನಂತರ. ಮುಂಬಯಿಯ ಹಡಗಿನ ಕಚೇರಿಯಿಂದ. ಹಡಗು ಸೇರಬೇಕಾದ ಬಂದರನ್ನು ಸೇರಿಲ್ಲ, ಅದರಲ್ಲಿದ್ದ ಯಾರ ಸುಳಿವೂ ಇಲ್ಲ, ಆಸೆ ಇಟ್ಟುಕೊಳ್ಳಲು ಕಾರಣವಿಲ್ಲ ಎಂದಿತ್ತಂತೆ. ವಿಠೋಬ ಅದನ್ನು ಓದಿ ಹೇಳಿ, ಡಿಪೋಗೂ ಹೋಗದೆ, ಒಳಗೂ ಕೂರದೆ, ಬೇಲಿಯ ಹತ್ತಿರ ನಿಂತೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಸೇರಿದರು. ಬಳೆ ಒಡೆಯುವುದು, ಕುಂಕುಮ ಅಳಿಸುವುದು. ಆ ಕೆಲಸ ಹೆಂಗಸರದು. ಮಾವಶಿ ಬಾಗಿಲ ಅಗಳಿ ಹಾಕಿಕೊಂಡಿದ್ದಳು. “ಬಾಗಲಾ ತಗೀಯವಾ ಸುಂದ್ರಾಬಾಯಿ, ಎಷ್ಟೊತ್ತು ಹಿಂಗ ಕುಂದ್ರತಿ, ಆಗೂದು ಆಗಿ ಹೋಗೇತಿ,” ಎಂದು ಅವ್ವ ಬಾಗಿಲಿಗೆ ಬಾಯಿಟ್ಟು ಮೆತ್ತಗೆ ಕರೆಯುತ್ತಿದ್ದಳು.

ನಾನು ಹಿತ್ತಲಿನಿಂದ ನುಸುಳಿ ಮಾವಶಿಯ ಅಡಿಗೆಮನೆಗೆ ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡಿ, ಯಾವುದೋ ಮಾತನ್ನು ಮುಂದುವರಿಸುವವಳ ಹಾಗೆ ಹೇಳಿದಳು:

“ಸಮುದ್ರ ನನ್ನ ಕಾಯಿ ತಕೊಳ್ಳಲಿಲ್ಲ ಗೊ. ಕಾಲಲ್ಲಿ ನಡೆದು ಹೋಗಿ ಕೊಡಬೇಕಿತ್ತು. ಕೂತಲ್ಲಿಂದ ಕಳಿಸಿದೆ. ನನ್ನದೇ ತಪ್ಪು.”

ಅವಳ ತಪ್ಪು ಎಂಬ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಬಡಬಡನೆ ಹೇಳಿಬಿಟ್ಟೆ: ದಿಮ್ಮಿ, ಗಳ, ಗಂಗಿ, ಬೆಲ್ಲ. “ಸಮುದ್ರಕ್ಕ ಮುಟ್ಟಲೇ ಇಲ್ರೀ ಮಾವಶಿ. ನಾವ ಒಡದ್ವಿ. ನಿಮ್ಮ ತಪ್ಪಲ್ಲ, ನಂದು.” ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಸಾಕು ಎಂದುಕೊಂಡೆ. ಅವಳು ಹೊಡೆಯಲಿಲ್ಲ. ನನ್ನ ಎರಡೂ ಭುಜ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಬಳೆಗಳು ನನ್ನ ತೋಳಿಗೆ ತಣ್ಣಗೆ ತಾಗಿದವು.

“ಒಡೆದ್ರಿ. ಒಳಗೆ ಹೇಗಿತ್ತು?”

ಹೊರಗೆ ಅವ್ವ ಕರೆಯುತ್ತಿದ್ದಳು. ಬಾಗಿಲು ತೆರೆದ ತಕ್ಷಣ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

“ಚಲೋ ಇತ್ರಿ,” ಎಂದೆ. “ಬೆಳ್ಳಗ ಇತ್ತು. ನೀರು ಸಕ್ಕರಿ ಹಂಗ ಇತ್ತು.”

ಅವಳು ನನ್ನ ಭುಜ ಬಿಟ್ಟಳು. ಆಮೇಲೆ ಎದ್ದು, ಕನ್ನಡಿಯ ಮುಂದೆ ನಿಂತು ಕುಂಕುಮ ತಿದ್ದಿಕೊಂಡು, ಹೋಗಿ ಬಾಗಿಲು ತೆರೆದಳು. ಹೆಂಗಸರೆಲ್ಲ ಎದ್ದು ನಿಂತರು. “ನನಗೆ ಗುರುತು ಸಿಕ್ಕಿದೆ. ಅವರು ಇದ್ದಾರೆ. ಬಳೆಗೆ ಯಾರೂ ಕೈ ಹಚ್ಚಬೇಡಿ,” ಎಂದಳು. ಯಾವ ಗುರುತು, ಯಾರು ಕೊಟ್ಟರು, ಎಷ್ಟು ಕೇಳಿದರೂ ಹೇಳಲಿಲ್ಲ. ನನ್ನ ಹೆಸರು ಎತ್ತಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಕಾರ್ತಿಕದಲ್ಲಿ ಘಟ್ಟದ ದಾರಿ ತೆರೆದಾಗ ಅವಳು ತನ್ನ ಊರಿಗೆ ಇಳಿದು ಹೋದಳು. ಗಾಡಿ ಹತ್ತುವಾಗ ನನ್ನ ಕೆನ್ನೆ ಹಿಂಡಿ, “ಬಾ ನಮ್ಮೂರಿಗೆ,” ಎಂದಳು. ನಾನು ಹೋಗಲಿಲ್ಲ. ಮುಂದೆ ಮದುವೆಯಾಗಿ, ಮಕ್ಕಳಾಗಿ, ಕಾರವಾರಕ್ಕೆ ಬಸ್ಸು ಬಂದು, ಮನೆಯವರೆಲ್ಲ ಸಮುದ್ರ ನೋಡಲು ಹೊರಟಾಗಲೂ ನನಗೆ ಮೊಣಕಾಲು ನೋವು. ಮೂವತ್ತರ ವಯಸ್ಸಿನಲ್ಲಿ ಮೊಣಕಾಲು ನೋವು!

ಸುಳ್ಳು ಹೇಳುವುದರಲ್ಲಿ ನಾನು ಕಡಿಮೆಯವಳೇನಲ್ಲ. ಡಾಕ್ಟರರಿಗೆ ಸಕ್ಕರೆ ಬಿಟ್ಟಿದ್ದೇನೆ ಎನ್ನುತ್ತೇನೆ, ಮಗನಿಗೆ ಗುಳಿಗೆ ನುಂಗಿದ್ದೇನೆ ಎನ್ನುತ್ತೇನೆ, ರಾತ್ರಿ ಅದರ ನೆನಪೂ ಇಲ್ಲದೆ ಸುಖವಾಗಿ ನಿದ್ದೆ ಹೋಗುತ್ತೇನೆ. ಆದರೆ ಒಬ್ಬರಿಗೆ ಒಳ್ಳೆಯದಾಗಲೆಂದು ಹೇಳಿದ ಸುಳ್ಳು ಬೇರೆ ಜಾತಿಯದು. ಅದಕ್ಕೆ ಆಯುಷ್ಯ ಹೆಚ್ಚು, ಮತ್ತು ಅದು ಹೇಳಿದವರ ಮನೆಯಲ್ಲಿ ಬೆಳೆಯುವುದಿಲ್ಲ, ಕೇಳಿದವರ ಮನೆಯಲ್ಲಿ ಬೆಳೆಯುತ್ತದೆ. ಅಲ್ಲಿ ಏನಾಗಿ ಬೆಳೆಯಿತೆಂದು ನೋಡಲು ಹೋಗುವ ಧೈರ್ಯ ನನಗಿರಲಿಲ್ಲ.

ನೋಡಿಬಂದವನು ವಿಠೋಬ. ಅವನಿಗೆ ಹಣ್ಣು ಹಣ್ಣು ವಯಸ್ಸಾಗಿದ್ದಾಗ, ಡಿಪೋದ ಕೆಲಸ ಮುಗಿಸಿ ತನ್ನ ಊರು ಸೇರಿದ್ದವನು ಯಾರದೋ ಮದುವೆಗೆಂದು ದಾಂಡೇಲಿಗೆ ಬಂದು, ಹಳೆಯ ನೆರೆಮನೆಯೆಂದು ನಮ್ಮ ಮನೆಗೂ ಬಂದ. ನಾನು ತವರಿಗೆ ಬಂದಿದ್ದೆ. ಅಪ್ಪ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಅವ್ವ ಬರಿಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ನಾನು ಚಹಾ ತಂದಿಟ್ಟೆ. ತಂಗಿ ಸುಂದ್ರಾ ಕಳೆದ ಮಳೆಗಾಲದಲ್ಲಿ ತೀರಿಹೋದಳು ಎಂದು ವಿಠೋಬ ಹೇಳಿದ. ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಕೈತುಂಬ ಬಳೆ ತೊಡಿಸಿ, ಊರ ಹೆಂಗಸರೆಲ್ಲ ಅವಳ ಹಣೆಗೆ ಕುಂಕುಮ ಹಚ್ಚಿ ಕಳಿಸಿದರಂತೆ.

ಅವ್ವ ಕಣ್ಣು ಒರೆಸಿಕೊಂಡು, “ಪುಣ್ಯವಂತಿ ನೋಡ್ರಿ. ಮುತ್ತೈದಿ ಆಗಿ ಹ್ವಾದ್ಲು,” ಎಂದಳು.

ವಿಠೋಬ ತಟ್ಟೆಗೆ ಸುರಿದ ಚಹಾವನ್ನು ಊದುವುದನ್ನು ನಿಲ್ಲಿಸಿದ. “ಯಾವ ಪುಣ್ಯ ಅಕ್ಕಾ? ನಮ್ಮಲ್ಲಿ ಗಂಡ ಸತ್ತವಳಿಗೆ ಮತ್ತೊಂದು ಮದುವೆ ಮಾಡ್ತಾರೆ. ಎರಡು ಸಲ ಕೇಳಿ ಬಂದಿದ್ರು, ಒಳ್ಳೇ ಮನೆಯವರು. ‘ಗಂಡ ಇದ್ದಾನೆ, ನನಗೆ ಗುರುತು ಸಿಕ್ಕಿದೆ’ ಅಂದ್ಳು. ಮಕ್ಕಳಿಲ್ಲ, ಮರಿಯಿಲ್ಲ. ಮೂವತ್ತು ವರ್ಷ ದಿನಾ ಎರಡು ಎಲೆ ಹಾಕಿ ಉಂಡ್ಳು. ಆ ಗುರುತು ಅದ್ಯಾರು ಕೊಟ್ರೋ, ಅವರ ಮುಖ ಒಂದು ಸಲ ನೋಡಬೇಕಿತ್ತು ನನಗೆ.”

ಅವನು ನನ್ನ ಕಡೆ ನೋಡಲಿಲ್ಲ. ನೋಡಲು ಅವನಿಗೆ ಕಾರಣವೇ ಇರಲಿಲ್ಲ. ಅವ್ವ ನಿಟ್ಟುಸಿರು ಬಿಟ್ಟಳು.

“ಯಾರೋ ಏನೋ ರಿ,” ಎಂದು ನಾನು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.